ವಹಿವಾಟು ಎರಡು ಪಟ್ಟಾದರೆ ಸಾಕಾ?

ನಮಸ್ಕಾರ ಸರ್. ಚಳ್ಳಕೆರೆ ಕಡೆಯ ನಿಮ್ಮ ರೈತ ಉತ್ಪಾದಕ ಸಂಸ್ಥೆಯಲ್ಲಿ (ರೈತರೇ ಷೇರು ಹಾಕಿ ಕಟ್ಟಿಕೊಂಡ ಸಂಸ್ಥೆ) ಸದಸ್ಯರು ಹೆಚ್ಚಿದ್ದಾರೆ, ವಹಿವಾಟು ಎರಡು ಪಟ್ಟಾಗಿದೆ, ಸಂಸ್ಥೆ ಚೆನ್ನಾಗಿದೆ ಅನ್ನೋಕೆ ಇಷ್ಟು ಸಾಕಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಾಲದು. ಆ ವಹಿವಾಟಿನಲ್ಲಿ ಗೊಬ್ಬರ, ಬೀಜ ಮಾರಿದ್ದೆಷ್ಟು, ರೈತರ ಶೇಂಗಾ ಕೊಂಡಿದ್ದೆಷ್ಟು ಅಂತ ಮೊದಲು ಬೇರೆ ಮಾಡಿ. ಗೊಬ್ಬರ ಮಾರೋಕೆ ಊರಲ್ಲಿ ಅಂಗಡಿ ಇದ್ದೇ ಇದೆ.

ಷೇರು ಕಟ್ಟಿದವರಲ್ಲಿ ಎಷ್ಟು ಜನ ಈ ವರ್ಷ ನಿಮಗೇ ಶೇಂಗಾ ಕೊಟ್ಟರು? ಆ ದಿನದ ಎಪಿಎಂಸಿ ದರಕ್ಕಿಂತ ಕ್ವಿಂಟಲ್‌ಗೆ ಎಷ್ಟು ಜಾಸ್ತಿ ಸಿಕ್ಕಿತು, ತೂಕದಲ್ಲಿ, ಹಮಾಲಿಯಲ್ಲಿ ಎಷ್ಟು ಉಳಿಯಿತು, ದುಡ್ಡು ಎಷ್ಟು ದಿನಕ್ಕೆ ಕೈಗೆ ಬಂತು? ನೋಡಬೇಕಾದ್ದು ಇದನ್ನು.

ಇನ್ನೊಂದು. ನಮ್ಮ ಕಡೆ ಶೇಂಗಾ ಹೆಚ್ಚಾಗಿ ಮಳೆ ನಂಬಿದ ಬೆಳೆ. ಒಳ್ಳೆ ಮಳೆಯಾದ ವರ್ಷ ಎಲ್ಲರ ಆದಾಯವೂ ಏರುತ್ತದೆ, ಅದನ್ನು ಸಂಸ್ಥೆಯ ಸಾಧನೆ ಅಂತ ಬರೆದುಕೊಂಡರೆ ತಪ್ಪಾಗುತ್ತದೆ. ಅದಕ್ಕೇ ಹೋದ ವರ್ಷದ ಜೊತೆ ಮಾತ್ರ ಹೋಲಿಸಬೇಡಿ, ಅದೇ ಊರಿನ, ಅಷ್ಟೇ ಜಮೀನಿನ, ಸದಸ್ಯರಲ್ಲದ ಹತ್ತು ಹದಿನೈದು ಮನೆಯವರನ್ನೂ ಕೇಳಿ. (ಮೊದಲೇ ಅನುಕೂಲ ಇದ್ದವರೇ ಸದಸ್ಯರಾಗಿರಬಹುದು, ಅದು ಗಮನದಲ್ಲಿರಲಿ.)

ನಿಮ್ಮದು ಇಂಥ ಸಂಸ್ಥೆಗಳನ್ನು ಕಟ್ಟೋಕೆ 2020ರಲ್ಲಿ ಬಂದ ಕೇಂದ್ರ ಯೋಜನೆಯ ಸಂಸ್ಥೆಯಾದರೆ 3 ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ನಿರ್ವಹಣೆಗೆ ನೆರವು ಸಿಗುತ್ತದೆ. ಅದನ್ನು ಕಳೆದು ಲಾಭ ನೋಡಿ. ಲೆಕ್ಕ ಸಿಕ್ಕರೆ ಇಲ್ಲೇ ಹಾಕಿ, ಸೇರಿ ನೋಡೋಣ.