ಕೂಗಲು ಒಂದು ಗೇಟು ಬೇಕು, ಮೇಷ್ಟ್ರೇ

(ದಾವಣಗೆರೆ ವಿದ್ಯಾನಗರದ ನಿವೃತ್ತ ಗಣಿತ ಮೇಷ್ಟ್ರೊಬ್ಬರ ಪತ್ರದ ಮುಖ್ಯ ಭಾಗ: "ಕಾಟನ್ ಮಿಲ್ಲುಗಳ ಬಗ್ಗೆ ನಿಮ್ಮ ಲೇಖನಮಾಲೆ ಓದುತ್ತಿದ್ದೇನೆ. ಎಷ್ಟು ದಿನ ಅಂತ ಅದನ್ನೇ ನೆನೆದು ಅಳುತ್ತೀರಿ? ನನ್ನ ಸೊಸೆ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ ಮಾಡುತ್ತಾಳೆ. ಊರು ಬಿಡದೆ ಡಾಲರಿನ ಕೆಲಸ. ತಂತ್ರಜ್ಞಾನ ಬಂತು, ಅದರ ಹಿಂದೆಯೇ ಕೆಲಸವನ್ನು ಹೊರಗಿನವರಿಗೆ ವಹಿಸುವ ಔಟ್‌ಸೋರ್ಸಿಂಗ್ ಬಂತು, ಜಗತ್ತೆಲ್ಲ ಒಂದೇ ಮಾರುಕಟ್ಟೆ ಆಯಿತು. ಇದು ಮಳೆ ಇದ್ದ ಹಾಗೆ. ಯಾರೂ ತರಿಸಿದ್ದಲ್ಲ, ಯಾರೂ ನಿಲ್ಲಿಸಲಾರರು. ಬೈಯುವುದು ಬಿಟ್ಟು ಯುವಕರಿಗೆ ಉಪಯೋಗ ಆಗುವಂಥದ್ದು ಬರೆಯಿರಿ." ಹೆಸರು ಹಾಕಬೇಡಿ ಎಂದಿದ್ದಾರೆ.)

ಮೇಷ್ಟ್ರೇ, ನಮಸ್ಕಾರ.

ನಾಲ್ಕು ಪುಟದ ಪತ್ರ, ಒಂದು ಚಿತ್ತಿಲ್ಲ, ಕಾಟಿಲ್ಲ. ಇಂಕ್ ಪೆನ್ನಿನಲ್ಲಿ ಬರೆದು ಅಂಚೆಗೆ ಹಾಕುವವರು ಜಾಗತೀಕರಣದ ವಕಾಲತ್ತು ವಹಿಸಿದ್ದು ನೋಡಿ ಖುಷಿಯಾಯಿತು. ಬೈಗುಳವನ್ನೂ ಇಷ್ಟು ಚೆಂದದ ಅಕ್ಷರದಲ್ಲಿ ಬೈಸಿಕೊಂಡರೆ ಬೇಜಾರಾಗುವುದಿಲ್ಲ.

ಒಪ್ಪುವುದನ್ನು ಮೊದಲು ಒಪ್ಪಿಬಿಡುತ್ತೇನೆ. ನಿಮ್ಮ ಸೊಸೆಗೆ ಸಿಕ್ಕ ಕೆಲಸ ಒಳ್ಳೆಯದು. ಮಗುವನ್ನು ಮಲಗಿಸಿ ಪಕ್ಕದ ಕೋಣೆಯಲ್ಲಿ ಕೂತು ಸಂಬಳ ತರುವುದು ಅವರ ಅತ್ತೆಯ ಕಾಲದಲ್ಲಿ ಸಾಧ್ಯವಿರಲಿಲ್ಲ. ತಂತ್ರಜ್ಞಾನ ದೂರವನ್ನು ಅಗ್ಗ ಮಾಡಿದ್ದೂ ನಿಜ. 1930ರಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಮೂರು ನಿಮಿಷ ಮಾತಾಡಲು, 1990ರ ಡಾಲರ್ ಬೆಲೆಗೆ ಲೆಕ್ಕ ಹಾಕಿದರೆ, ಸುಮಾರು 245 ಡಾಲರ್ ಬೇಕಿತ್ತು. 1990ಕ್ಕೆ ಅದು ಮೂರು ಡಾಲರ್ ಚಿಲ್ಲರೆಗೆ ಇಳಿದಿತ್ತು. ಈಗ ನಿಮ್ಮ ಮೊಮ್ಮಗ ವಾಟ್ಸಾಪಿನಲ್ಲಿ ಪುಕ್ಕಟೆ ಮಾತಾಡುತ್ತಾನೆ.

ಆದರೆ ಮಳೆ ಅಂದಿರಲ್ಲ, ಅಲ್ಲೇ ನನ್ನ ತಕರಾರು. ಮಳೆಗೆ ಯಾರೂ ಸಹಿ ಹಾಕುವುದಿಲ್ಲ. ಇದಕ್ಕೆ ಪ್ರತಿ ಹೆಜ್ಜೆಯಲ್ಲೂ ಯಾರೋ ಸಹಿ ಹಾಕಿದ್ದಾರೆ.

ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಕತೆ ನಿಮಗೆ ಗೊತ್ತಿರಬೇಕು. ಇಲ್ಲಿ ಮಾಡಿದ ಚಿಪ್ ವಿನ್ಯಾಸವನ್ನು ಉಪಗ್ರಹದ ಮೂಲಕ ಹೊರದೇಶಕ್ಕೆ ಕಳಿಸುವುದು ಅವರ ಯೋಜನೆ. ಉಪಗ್ರಹ ಆಗಲೇ ಆಕಾಶದಲ್ಲಿತ್ತು, ತಂತ್ರಜ್ಞಾನ ಸಿದ್ಧವಿತ್ತು. ಬೇಕಾಗಿದ್ದದ್ದು ದಿಲ್ಲಿಯ ಅನುಮತಿ. ಅದು ಸಿಕ್ಕಿತು, ಕಂಪನಿ ಬಂತು. 1991ರಲ್ಲಿ ಸರ್ಕಾರವೇ ಸಾಫ್ಟ್‌ವೇರ್ ಪಾರ್ಕುಗಳ ಸಂಸ್ಥೆ ಕಟ್ಟಿತು. ಆಮೇಲಿನದು ಇತಿಹಾಸ ಅಂತ ಎಲ್ಲರೂ ಬರೆಯುತ್ತಾರೆ. ಆ ಮೊದಲಿನ ಅರ್ಜಿ, ಫೈಲು, ಸಹಿಯ ಬಗ್ಗೆ ಯಾರೂ ಬರೆಯುವುದಿಲ್ಲ.

ಹಡಗಿನ ಕಂಟೇನರ್ ಕತೆಯೂ ಇಂಥದ್ದೇ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಮಾಲೀಕ 58 ಅಲ್ಯೂಮಿನಿಯಂ ಡಬ್ಬಗಳನ್ನು ತೈಲ ಸಾಗಿಸುವ ಹಳೇ ಹಡಗೊಂದರ ಮೇಲೆ ಇಟ್ಟು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಸರಕನ್ನು ಹಡಗಿಗೆ ಏರಿಸಲು ಟನ್ನಿಗೆ 5.86 ಡಾಲರ್ ಆಗುತ್ತಿದ್ದದ್ದು 16 ಸೆಂಟಿಗೆ ಇಳಿಯಿತಂತೆ. ಹಾಗಂತ ಮರುದಿನವೇ ಲೋಕ ಬದಲಾಗಲಿಲ್ಲ. ಡಬ್ಬದ ಉದ್ದ ಅಗಲ ಎಷ್ಟಿರಬೇಕು ಅಂತ ದೇಶದೇಶಗಳು ಕೂತು ಜಗಳವಾಡಿ ಒಪ್ಪಲು ವರ್ಷಗಳೇ ಹಿಡಿದವು. ನಮ್ಮ ಹೆದ್ದಾರಿಯಲ್ಲಿ ಓಡುವ ಆ ಉದ್ದನೆಯ ಲಾರಿಗಳ ಮೇಲಿನ ಡಬ್ಬ ಹಾಗೆ ಹುಟ್ಟಿದ್ದು.

ಸರಿ, ನಮ್ಮೂರಿಗೆ ಬರೋಣ. ನಮ್ಮ ಸೀಮೆಗೆ ಜಾಗತೀಕರಣ ಕಂಪ್ಯೂಟರ್ ಜೊತೆ ಬಂತು ಅಂದುಕೊಂಡಿದ್ದೀರಿ. ಅದು ಹತ್ತಿಯ ಗಾಡಿಯಲ್ಲಿ ಬಂದು ನೂರೈವತ್ತು ವರ್ಷ ದಾಟಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿನ ಲ್ಯಾಂಕಷೈರ್ ಮಿಲ್ಲುಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಇದ್ದಕ್ಕಿದ್ದಂತೆ ಧಾರವಾಡ ಸೀಮೆಯ ಹತ್ತಿಗೆ ಕಂಡುಕೇಳರಿಯದ ಬೆಲೆ. ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು, ಅಲ್ಲಿಂದ ಮಾಲು ಮುಂಬಯಿಗೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ನೆಲ ಕಚ್ಚಿತು, ಮುಂಬಯಿಯಲ್ಲಿ ದೊಡ್ಡ ದೊಡ್ಡ ಸಾಹುಕಾರರೇ ದಿವಾಳಿ ಎದ್ದರು. ಎರೆಹೊಲದ ರೈತನಿಗೆ ಬೆಲೆ ಯಾಕೆ ಏರಿತು ಅಂತ ಗೊತ್ತಾಗಿರಲಿಲ್ಲ, ಯಾಕೆ ಇಳಿಯಿತು ಅಂತಲೂ ಗೊತ್ತಾಗಲಿಲ್ಲ. ಏರಿದಾಗ ಮಾಡಿದ ಸಾಲ ಮಾತ್ರ ಅವನ ಹೆಸರಲ್ಲೇ ಉಳಿಯಿತು.

1870ರಲ್ಲಿ ಸಮುದ್ರದ ತಳದಲ್ಲಿ ಎಳೆದ ತಂತಿ ಮುಂಬಯಿಯನ್ನು ಲಂಡನ್ನಿಗೆ ಜೋಡಿಸಿತು. ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ಗಂಟೆಗಳಲ್ಲಿ ಬರತೊಡಗಿತು. ಎಂಥ ಕ್ರಾಂತಿ ಅಲ್ವಾ? ಆದರೆ ಲಿವರ್‌ಪೂಲಿನ ದರ ಮೊದಲು ತಿಳಿಯುತ್ತಿದ್ದದ್ದು ತಂತಿ ಆಫೀಸಿನ ಪಕ್ಕ ಕೂತ ವ್ಯಾಪಾರಿಗೆ.

ನಾನು ಹುಡುಗನಾಗಿದ್ದಾಗಲೂ ಇದು ಜಾಸ್ತಿ ಬದಲಾಗಿರಲಿಲ್ಲ. ಇಲ್ಲಿನ ದಲಾಲಿ ಅಂಗಡಿಯಲ್ಲಿ ಮುಂಬಯಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಫೋನಿನ ಮುಂದೆ ಕೂತಿರುತ್ತಿದ್ದರು. ಲೈನು ಸಿಗುವವರೆಗೆ ರೈತನ ಮಾಲು ತೂಕಕ್ಕೆ ಏರುತ್ತಿರಲಿಲ್ಲ. ಅವನು ಹೊರಗೆ ಗಾಡಿಯ ನೆರಳಲ್ಲಿ ಬೀಡಿ ಸೇದುತ್ತಿದ್ದ. ಒಳಗೆ ಗುಮಾಸ್ತ ಕಿವಿಗೆ ರಿಸೀವರ್ ಒತ್ತಿಕೊಂಡು, ಜೋರಾಗಿ ಹೇಳಿದರೆ ಹೊರಗೆ ಕೇಳೀತು ಅಂತ, ದರವನ್ನು ಚೀಟಿಯ ಮೇಲೆ ಬರೆದು ಸಾಹುಕಾರರಿಗೆ ತೋರಿಸುತ್ತಿದ್ದ.

ಈಗ ಹತ್ತಿಯ ಜಾಗದಲ್ಲಿ ಮೆಕ್ಕೆಜೋಳ ಬಂದಿದೆ. ಷಿಕಾಗೋ ಪೇಟೆಯಲ್ಲಿ ಮೆಕ್ಕೆಜೋಳ ಎಷ್ಟಿದೆ ಅಂತ ರೈತ ತನ್ನ ಮೊಬೈಲಿನಲ್ಲೇ ನೋಡಬಹುದು. ನೋಡಬಹುದು, ಅಷ್ಟೇ. 2008ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೆಕ್ಕೆಜೋಳದ ರಫ್ತು ನಿಲ್ಲಿಸಿತು, ಅಕ್ಟೋಬರ್‌ವರೆಗೆ. ಕೋಳಿ ಸಾಕುವವರಿಗೆ ಮೇವು ಅಗ್ಗವಾಗಲಿ ಅಂತ. ಬೆಳೆದವನನ್ನು ಕೇಳಿದವರು ಯಾರು? ಇನ್ನು 2018ರಲ್ಲಿ ಬಂದ, ಮೆಕ್ಕೆಜೋಳ ತಿನ್ನುವ ಲದ್ದಿ ಹುಳುವಿನ ಕತೆ ನಿಮಗೆ ಹೇಳಬೇಕಿಲ್ಲ. ಅಮೆರಿಕ ಖಂಡದ ಹುಳು, 2016ರಲ್ಲಿ ಆಫ್ರಿಕಾಕ್ಕೆ ಬಂತು, ಎರಡೇ ವರ್ಷದಲ್ಲಿ ಭಾರತಕ್ಕೆ. ಭಾರತದಲ್ಲಿ ಮೊದಲು ಕಂಡದ್ದು ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅದಕ್ಕೆ ವೀಸಾನೂ ಬೇಕಾಗಲಿಲ್ಲ, ಸುಂಕನೂ ಬೀಳಲಿಲ್ಲ. ಬೇಕಾದರೆ ಇದನ್ನು ಮಳೆ ಅನ್ನಿ, ಒಪ್ಪುತ್ತೇನೆ.

ಚನ್ನಗಿರಿ ಕಡೆಯ ಅಡಿಕೆಯವರನ್ನು ಕೇಳಿ. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಬಹುದು ಅಂತ ದಿಲ್ಲಿಯಿಂದ ಆದೇಶ ಬಂದಾಗ ಆ ಕಡೆ ಎಷ್ಟು ಮನೆಯಲ್ಲಿ ಅದೇ ಮಾತು! ಚಿತ್ರದುರ್ಗದ ಭೀಮಸಮುದ್ರದ ಕಡೆಯವರನ್ನು ಕೇಳಿ. ಚೀನಾಕ್ಕೆ ಕಬ್ಬಿಣದ ಅದಿರು ಬೇಕಾಯಿತು ಅಂತ ಹಗಲೂ ರಾತ್ರಿ ಲಾರಿ ಓಡಿದವು, ಧೂಳಿಗೆ ತೋಟ ಕೆಂಪಾದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಹಿಂದೆಯೇ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿತು. ಸಾಲ ಮಾಡಿ ಲಾರಿ ಕೊಂಡ ಹುಡುಗರು ಕಂತು ಕಟ್ಟಲಾಗದೆ ಒದ್ದಾಡಿದರು. ಗಣಿ ನಿಂತದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ನಿಲ್ಲಬೇಕಿತ್ತು. ಹೇಳುತ್ತಿರುವುದು ಇಷ್ಟೇ: ಶುರು ಮಾಡಿದ್ದೂ ನಿಲ್ಲಿಸಿದ್ದೂ ಮನುಷ್ಯರೇ, ಮತ್ತು ಅವರಲ್ಲಿ ಯಾರೂ ಈ ಕಡೆಯವರಲ್ಲ.

ಈಗ ನೀವು ಬೇಡ ಅಂದ ಮಿಲ್ಲಿಗೆ ಬರುತ್ತೇನೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೊಗಳಿಸಿಕೊಂಡ ಊರು ನಮ್ಮದು. ಮಿಲ್ಲು ಸ್ವರ್ಗವಾಗಿರಲಿಲ್ಲ. ಹತ್ತಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತವರಿದ್ದಾರೆ. ಯಂತ್ರ ಹಳೆಯದಾದರೂ ಮಾಲೀಕರು ಹೊಸದಕ್ಕೆ ದುಡ್ಡು ಹಾಕಲಿಲ್ಲ, ಪವರ್‌ಲೂಮ್ ಬಟ್ಟೆ ಅಗ್ಗವಾಯಿತು, ಒಂದೊಂದೇ ಬಾಗಿಲು ಹಾಕಿತು. ಇದೆಲ್ಲ ಲೇಖನಮಾಲೆಯಲ್ಲಿ ಬಂದಿದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಕೂಲಿ ಕಡಿಮೆಯಾದರೆ, ಬೋನಸ್ ಕೊಡದಿದ್ದರೆ, ಹೋಗಿ ನಿಂತು ಧಿಕ್ಕಾರ ಕೂಗಲು ಒಂದು ಗೇಟು ಇತ್ತು. ಗೇಟಿನ ಒಳಗೆ ಮಾಲೀಕರು ಇದ್ದರು. ಅವರ ಮನೆ ಇದೇ ಊರಲ್ಲಿತ್ತು, ದುಗ್ಗಮ್ಮನ ಜಾತ್ರೆಗೆ ಅವರೂ ಬರುತ್ತಿದ್ದರು. ಈ ಊರು ಕಾರ್ಮಿಕ ನಾಯಕ ಪಂಪಾಪತಿಯವರನ್ನು ಕಮ್ಯುನಿಸ್ಟ್ ಪಕ್ಷದಿಂದ ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ್ದು ಸುಮ್ನೆ ಅಲ್ಲ. ಕೂಲಿ ನಿಗದಿ ಮಾಡುವವನು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದ.

ನಿಮ್ಮ ಸೊಸೆಯ ಗೇಟು ಎಲ್ಲಿದೆ?

ಅಮೆರಿಕದ ಆಸ್ಪತ್ರೆ ಅಲ್ಲಿನ ಬಿಲ್ಲಿಂಗ್ ಕಂಪನಿಗೆ ಕೊಡುತ್ತದೆ, ಅದು ಬೆಂಗಳೂರಿನದಕ್ಕೋ ಚೆನ್ನೈನದಕ್ಕೋ ಕೊಡುತ್ತದೆ, ಅದು ಗುತ್ತಿಗೆಯವನಿಗೆ ಕೊಡುತ್ತದೆ, ಗುತ್ತಿಗೆಯವನು ವಿದ್ಯಾನಗರದ ಕೋಣೆಗೆ ಲ್ಯಾಪ್‌ಟಾಪ್ ಕಳಿಸುತ್ತಾನೆ. ಒಂದು ಬಿಲ್ಲಿಗೆ ಇಷ್ಟು ಅಂತ ದರ ಬರೆದವರು ಯಾರೆಂದು ಆಕೆಗೆ ಗೊತ್ತೇ? ನಾಳೆ ಅದು ಅರ್ಧವಾದರೆ ಯಾರನ್ನು ಕೇಳಬೇಕು? ತಂತ್ರಜ್ಞಾನ ಕೆಲಸವನ್ನು ಹತ್ತಿರ ತಂದಿತು ಅಂತ ನೀವು ಬರೆದಿದ್ದೀರಿ. ಯಜಮಾನನನ್ನು ದೂರ ಒಯ್ದದ್ದೂ ಅದೇ. ಇವೆರಡನ್ನೂ ಒಟ್ಟಿಗೆ ಮಾಡಲು ಆಗುತ್ತದೆ ಅಂತಲೇ ಕಂಪನಿಗಳಿಗೆ ಔಟ್‌ಸೋರ್ಸಿಂಗ್ ಇಷ್ಟ.

ನೀವು ಗಣಿತದವರು, ಲೆಕ್ಕ ಕೊಡುತ್ತೇನೆ. ತೈವಾನಿನ ಏಸರ್ ಕಂಪನಿ ಕಟ್ಟಿದ ಸ್ಟಾನ್ ಶಿ 1992ರಲ್ಲಿ ಒಂದು ಗ್ರಾಫ್ ಬರೆದರು. ಎಡತುದಿಯಲ್ಲಿ ಸಂಶೋಧನೆ, ವಿನ್ಯಾಸ. ಬಲತುದಿಯಲ್ಲಿ ಬ್ರ್ಯಾಂಡು, ಮಾರಾಟ. ನಡುವೆ ತಯಾರಿಕೆ. ಲಾಭದ ಗೆರೆ ಎರಡೂ ತುದಿಯಲ್ಲಿ ಮೇಲಕ್ಕೆ, ನಡುವೆ ಕೆಳಕ್ಕೆ, ನಗುವ ಬಾಯಿಯ ಆಕಾರ. ಅವರು ಸುಮ್ನೆ ಬರೆದದ್ದಲ್ಲ, ಬೇರೆಯವರಿಗೆ ಕಂಪ್ಯೂಟರ್ ಜೋಡಿಸಿಕೊಟ್ಟು ಅನುಭವಿಸಿದ್ದು. ಆಮೇಲೆ ಅಮೆರಿಕದ ಮೂವರು ವಿದ್ವಾಂಸರು 2010ರ ಐಫೋನಿನ ಹಣ ಎಲ್ಲೆಲ್ಲಿ ಹೋಯಿತು ಅಂತ ಬಿಡಿಸಿ ನೋಡಿದರು. ಮಾರಾಟದ ನೂರು ರೂಪಾಯಿಯಲ್ಲಿ ಆಪಲ್‌ಗೆ ಉಳಿದ ಲಾಭ 58.50. ಚೀನಾದ ಕೆಲಸಗಾರರೆಲ್ಲರ ಕೂಲಿ ಸೇರಿಸಿ 1.80. ಈಗ ದೇವನಹಳ್ಳಿಯಲ್ಲೂ ಐಫೋನ್ ಜೋಡಿಸುತ್ತಾರೆ, ಪೇಪರಿನಲ್ಲಿ ಮೊದಲ ಪುಟದ ಸುದ್ದಿ. ನಾವು ಚಪ್ಪಾಳೆ ತಟ್ಟಿದ್ದು ಆ ಗ್ರಾಫಿನ ಯಾವ ಭಾಗಕ್ಕೆ ಅಂತ ನಿಮ್ಮ ಹಳೇ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೊಡಿ.

ನಡುವೆ ಇರುವವನ ಪಾಡು ಏನೆಂದರೆ, ಅವನಿಗಿಂತ ಕಡಿಮೆಗೆ ಮಾಡುವವನು ಯಾವಾಗಲೂ ಸಿಗುತ್ತಾನೆ. ಕಾಲ್ ಸೆಂಟರ್ ಅಂದರೆ ಭಾರತ ಅಂತ ಬೀಗುತ್ತಿದ್ದೆವು, 2010ರ ಹೊತ್ತಿಗೆ ಫೋನಿನಲ್ಲಿ ಮಾತಾಡುವ ಕೆಲಸದಲ್ಲಿ ಫಿಲಿಪೀನ್ಸ್ ಮುಂದೆ ಹೋಯಿತು. ಈಗ ಎಐ ಬಂದಿದೆ, ಅದು ಸಂಬಳವನ್ನೇ ಕೇಳುವುದಿಲ್ಲ. ಬಿಲ್ಲಿನಲ್ಲಿ ಕಾಯಿಲೆ, ಚಿಕಿತ್ಸೆಗೆ ಕೋಡ್ ಹಾಕುವುದು ಅದು ಮೊದಲು ಕಲಿಯುವ ಕೆಲಸಗಳಲ್ಲಿ ಒಂದು. ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ, ನಿಮ್ಮ ಸೊಸೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಯಾರೂ ನಿಲ್ಲಿಸಲಾರರು ಅಂದಿರಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಅನೇಕ ಸರಕಿನ ಮೇಲೆ ಶೇ 50ರಷ್ಟು ಸುಂಕ ಹಾಕಿತು. ಮರುತಿಂಗಳು ಅಲ್ಲಿ ಹೋಗಿ ಕೆಲಸ ಮಾಡಲು ಬೇಕಾದ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಅಂದಿತು. ಆವತ್ತು ಸಮುದ್ರದ ಕೇಬಲ್ ಕಡಿದಿತ್ತೇ? ಹಡಗು ಕೆಟ್ಟಿತ್ತೇ? ಒಬ್ಬರು ಸಹಿ ಹಾಕಿದರು, ಅಮೆರಿಕಕ್ಕೆ ಬಟ್ಟೆ ಕಳಿಸುವ ತಿರುಪ್ಪೂರಿನ ಹೊಲಿಗೆ ಯಂತ್ರಗಳಿಗೆ ಬಿಸಿ ತಟ್ಟಿತು. ದೊಡ್ಡವರಿಗೆ ನಿಲ್ಲಿಸಲು ಬರುತ್ತದೆ, ಬಿಡಲೂ ಬರುತ್ತದೆ. ನಿಲ್ಲದ ಮಳೆ ಅಂತ ಪಾಠ ಹೇಳುವುದು ನಮ್ಮಂಥ ಊರಿನವರಿಗೆ ಮಾತ್ರ.

ಪಕ್ಕದ ಹರಿಹರವನ್ನೇ ನೋಡಿ. 1941ರಿಂದ ಅಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರ ಮಾಡುತ್ತಿತ್ತು. ಯಂತ್ರ ಮಾಡುವ ಯಂತ್ರ, ಸಾಮಾನ್ಯದ್ದಲ್ಲ. 1991ರ ನಂತರ ಸುಂಕ ಇಳಿಯಿತು, ಹೊರಗಿನ ಯಂತ್ರಗಳು ಬಂದವು, ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ಕೈ ಪಳಗಿದ ಫಿಟ್ಟರು, ಟರ್ನರುಗಳು ಚೆಲ್ಲಾಪಿಲ್ಲಿಯಾದರು. ಸುಂಕ ಇಳಿಸುವುದೇ ಆದರೆ ಈ ಕೈಗಳನ್ನು ಏನು ಮಾಡುವುದು ಅಂತ ಯಾವ ಸರ್ಕಾರವಾದರೂ ಒಂದು ಮೀಟಿಂಗ್ ಮಾಡಿತ್ತೇ? ಈಗ ಅದೇ ಊರಿನ ಮಕ್ಕಳು ಇಂಜಿನಿಯರಿಂಗ್ ಮುಗಿಸಿ, ಬ್ಯಾಗು ಹೆಗಲಿಗೆ ಹಾಕಿ ಬೆಂಗಳೂರಿನ ಪಿಜಿಗೆ ಹೋಗುತ್ತಾರೆ.

ಹೋಗುವುದಾದರೂ ಹೇಗೆ? ಚಿತ್ರದುರ್ಗದ ಮೇಲೆ ತುಮಕೂರಿಗೆ ನೇರ ರೈಲು ಮಾರ್ಗ ಮಂಜೂರಾಗಿ ಹತ್ತು ವರ್ಷದ ಮೇಲಾಯಿತು. ನಾವು ಇನ್ನೂ ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗುತ್ತಿದ್ದೇವೆ. ನಿಮ್ಮ ಸೊಸೆ ಮಾಡಿದ ಬಿಲ್ಲು ಕಣ್ಣು ಮಿಟುಕಿಸುವಷ್ಟರಲ್ಲಿ ಅಮೆರಿಕ ಮುಟ್ಟುತ್ತದೆ, ನಿಮ್ಮ ಮಗ ಯಶವಂತಪುರ ಮುಟ್ಟಲು ಅರ್ಧ ದಿನ ಬೇಕು. ನಮ್ಮ ಜನಪ್ರತಿನಿಧಿಗಳು ಮಾತ್ರ ವೇದಿಕೆ ಸಿಕ್ಕಿದರೆ ಸಾಕು, ದಾವಣಗೆರೆಯನ್ನು ಜಾಗತಿಕ ನಕ್ಷೆಯಲ್ಲಿ ಕೂರಿಸುತ್ತೇವೆ ಅನ್ನುತ್ತಾರೆ. ರೈಲ್ವೆ ನಕ್ಷೆಯಲ್ಲಿ ಒಂದು ಗೆರೆ ಎಳೆಸಿದರೆ ಸಾಕಿತ್ತು.

ಈ ಪತ್ರಿಕೆಯೂ ಹೊರತಲ್ಲ. ಪುಟ ಕಟ್ಟುವ ಹುಡುಗ ಬೇರೆ ಊರಲ್ಲಿ ಕೂತಿದ್ದಾನೆ. ಅವನ ಮುಖ ನೋಡಿದ್ದು ವಿಡಿಯೋ ಕಾಲಿನಲ್ಲಿ ಮಾತ್ರ. ಉಕ್ರೇನಿನಲ್ಲಿ ಯುದ್ಧ ಶುರುವಾದ 2022ರಲ್ಲಿ ಕಾಗದದ ಬೆಲೆ ಹೇಗೆ ಏರಿತೆಂದರೆ, ಪತ್ರಿಕೆ ನಿಲ್ಲಿಸೋಣವೇ ಅಂತ ಯೋಚಿಸಿದ್ದೆ. ಹಾಗಾಗಿ ಬಾಗಿಲು ಹಾಕಿಕೊಂಡು ಕೂರೋಣ ಅಂತ ನಾನು ಹೇಳುತ್ತಿಲ್ಲ. ಆ ಹುಡುಗನಿಗೆ ಪುಟಕ್ಕೆ ಎಷ್ಟು ಅಂತ ನಿಗದಿ ಮಾಡುವಾಗ ಅವನನ್ನು ಕೇಳುತ್ತೇನೆ, ಜಗಳವಾಡುತ್ತೇವೆ. ಹೋದ ಯುಗಾದಿಗೆ ಅವನೇ ಗೆದ್ದ.

ಯುವಕರಿಗೆ ಉಪಯೋಗ ಆಗುವಂಥದ್ದು ಬರೆಯಿರಿ ಅಂದಿರಲ್ಲ, ಅದಕ್ಕೆ ನಿಮ್ಮ ಸಹಾಯವೇ ಬೇಕು. ಸೊಸೆಯ ಹತ್ತಿರ ಕೂತು ಒಂದು ಲೆಕ್ಕ ಬರೆಸಿಕೊಳ್ಳಿ. ಒಂದು ಬಿಲ್ಲಿಗೆ ಅಮೆರಿಕದ ಆಸ್ಪತ್ರೆ ಎಷ್ಟು ಕೊಡುತ್ತದೆ, ನಡುವೆ ಎಷ್ಟು ಕೈ, ಕೊನೆಗೆ ವಿದ್ಯಾನಗರಕ್ಕೆ ಎಷ್ಟು. ರಾತ್ರಿ ಪಾಳಿಗೆ ಭತ್ಯೆ ಇದೆಯೇ, ಕರೆಂಟು ಹೋದರೆ ಆ ಗಂಟೆಯ ಸಂಬಳ ಯಾರ ತಲೆಗೆ, ಪಿಎಫ್ ಕಟ್ಟುತ್ತಾರೆಯೇ. ಮೇಲಿನ ಕೈಗಳ ಪಾಲು ಆಕೆಗೆ ತಿಳಿಯದಿದ್ದರೆ ಆ ಜಾಗ ಖಾಲಿ ಬಿಡಿ, ಖಾಲಿಯಾಗಿಯೇ ಅಚ್ಚು ಹಾಕುತ್ತೇನೆ. ಹೆಸರು ಹಾಕುವುದಿಲ್ಲ, ಕಂಪನಿಯ ಹೆಸರೂ ಬೇಡ. ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಗೆ ಸಿಗುತ್ತದೆ. ಮಿಲ್ಲಿನ ಲೇಖನಮಾಲೆಯ ಇನ್ನೆರಡು ಕಂತು ಬಾಕಿ ಇದೆ, ಅದರ ಪಕ್ಕದ ಪುಟ ನಿಮಗೆ.

ಸಂಪಾದಕ