ತಪ್ಪು ಒಪ್ಪಿಕೊಳ್ಳದೆ ಕೋರ್ಟಿಗೆ ಹೋದವರು

ನೀವು ಕೇಳಿದ್ದು: ಕೆನಡಾದಲ್ಲಿ 1969ರಲ್ಲೇ ಸಲಿಂಗಕಾಮ ಅಪರಾಧ ಅಲ್ಲ ಅಂತಾಗಿತ್ತಲ್ಲ, ಮತ್ತೆ 1981ರಲ್ಲಿ ಟೊರೊಂಟೊ ಪೊಲೀಸರು ಗೇ ಬಾತ್‌ಹೌಸ್‌ಗಳಿಗೆ (ಗೇ ಗಂಡಸರು ಒಬ್ಬರನ್ನೊಬ್ಬರು ಸೇರಲು ಹೋಗುತ್ತಿದ್ದ ಸ್ನಾನಗೃಹಗಳಿಗೆ) ನುಗ್ಗಿ ಯಾವ ಕಾನೂನಿನಡಿ ಜನರನ್ನು ಹಿಡಿದರು, ಕೇಸುಗಳು ಏನಾದವು?

ನಾನು ಗೇ, ಹನ್ನೊಂದು ವರ್ಷದಿಂದ ಇದೇ ಊರಲ್ಲಿದ್ದೇನೆ. ಇಲ್ಲಿನ ಹಿರಿಯರು ಆ ರಾತ್ರಿಯನ್ನು ಇನ್ನೂ ಮರೆತಿಲ್ಲ.

ಹಿಡಿದದ್ದು ವೇಶ್ಯಾಗೃಹದ ಕಾನೂನಿನಡಿ. 1917ರಲ್ಲಿ ಅದರ ವ್ಯಾಖ್ಯೆಗೆ 'ಅಸಭ್ಯ ಕೃತ್ಯ' ನಡೆಯುವ ಜಾಗಗಳನ್ನೂ ಸೇರಿಸಿದ್ದರು. ಯಾವುದು ಅಸಭ್ಯ ಅಂತ ಬರೆದಿರಲಿಲ್ಲ. 1969ರ ಸಡಿಲಿಕೆಯೂ 21 ದಾಟಿದ ಇಬ್ಬರಿಗೆ, ಅದೂ ಖಾಸಗಿಯಾಗಿದ್ದರೆ ಮಾತ್ರ. ಹೀಗಾಗಿ ದುಡ್ಡಿನ ವ್ಯವಹಾರವೇ ಇಲ್ಲದಿದ್ದರೂ ಬಾತ್‌ಹೌಸು ವೇಶ್ಯಾಗೃಹ ಆಗಿಬಿಡುತ್ತಿತ್ತು. ಅಲ್ಲಿ ಸಿಕ್ಕಿದ್ದೇ ಅಪರಾಧ.

ಫೆಬ್ರವರಿ 5ರ ರಾತ್ರಿ 150ಕ್ಕೂ ಹೆಚ್ಚು ಪೊಲೀಸರು ಏಕಕಾಲಕ್ಕೆ ನಾಲ್ಕು ಕಡೆ ನುಗ್ಗಿದರು. ಕೈಯಲ್ಲಿ ಸುತ್ತಿಗೆ, ಹಾರೆ. ಪುಟ್ಟ ಕೋಣೆಗಳ ಬಾಗಿಲು ಒಡೆದರು, ಟವೆಲ್ ಸುತ್ತಿಕೊಂಡಿದ್ದವರನ್ನು ಸಾಲಾಗಿ ನಿಲ್ಲಿಸಿದರು. ಈ ಶವರ್‌ಗಳಲ್ಲಿ ನೀರಿನ ಬದಲು ಗ್ಯಾಸ್ ಬರಬೇಕಿತ್ತು ಅಂತ ಒಬ್ಬ ಪೊಲೀಸ್ ಅಂದದ್ದನ್ನು ಅಲ್ಲಿದ್ದವರು ಆಮೇಲೆ ಹೇಳಿದ್ದಾರೆ. ನಾಜಿಗಳ ಗ್ಯಾಸ್ ಕೋಣೆಗಳನ್ನು ನೆನಪಿಸುವ ಆ ಮಾತು ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. 286 ಜನರ ಮೇಲೆ 'ಅಲ್ಲಿ ಸಿಕ್ಕವರು' ಅಂತ, 20 ಜನರ ಮೇಲೆ 'ನಡೆಸುವವರು' ಅಂತ ಕೇಸು ಬಿತ್ತು. ಮರುರಾತ್ರಿ ಸಾವಿರಾರು ಜನ ಬೀದಿಗಿಳಿದರು.

ನಿಜವಾದ ಶಿಕ್ಷೆ ದಂಡ ಅಲ್ಲ, ಹೆಸರು ಹೊರಬೀಳುವುದು. ಕೆಲಸ, ಹೆಂಡತಿ ಮಕ್ಕಳು, ಬಾಡಿಗೆ ಮನೆ, ಎಲ್ಲಕ್ಕೂ ಕುತ್ತು. ನನ್ನ ಅಮ್ಮನಿಗೆ ಹೇಳಲು ನನಗೇ ಮೂವತ್ತನಾಲ್ಕು ವರ್ಷ ಬೇಕಾಯಿತು. ಮಾನಕ್ಕಂಜಿ ತೆಪ್ಪಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದವರನ್ನು ನಾನು ಯಾವ ಬಾಯಲ್ಲಿ ದೂರಲಿ? ಆದರೆ 1978ರ ಇನ್ನೊಂದು ದಾಳಿಯ ನಂತರ ಹುಟ್ಟಿದ್ದ 'ರೈಟ್ ಟು ಪ್ರೈವಸಿ ಕಮಿಟಿ' ಯಾರೂ ಒಪ್ಪಿಕೊಳ್ಳಬೇಡಿ ಅಂದಿತು. ಚಂದಾ ಎತ್ತಿತು, ವಕೀಲರನ್ನು ಗೊತ್ತುಮಾಡಿತು. ಒಂದೊಂದು ಕೇಸನ್ನೂ ಸರ್ಕಾರ ಸಾಬೀತು ಮಾಡಬೇಕಾಯಿತು, ಬಹುಪಾಲು ಬಿದ್ದುಹೋದವು. ಆ ಗೆಲುವು ಯಾವುದೋ ದೊಡ್ಡ ತೀರ್ಪಿನಿಂದ ಬಂದದ್ದಲ್ಲ. ಕಟಕಟೆಯಲ್ಲಿ ನಿಂತು 'ತಪ್ಪು ಮಾಡಿಲ್ಲ' ಅಂದ ಒಬ್ಬೊಬ್ಬರಿಂದಲೂ ಬಂದದ್ದು.

ದೊಡ್ಡ ತೀರ್ಪುಗಳು ತಡವಾಗಿ ಬಂದವು. 2000ದಲ್ಲಿ ಮಹಿಳೆಯರ ಬಾತ್‌ಹೌಸ್ ರಾತ್ರಿಯೊಂದಕ್ಕೆ ಐವರು ಗಂಡು ಪೊಲೀಸರು ನುಗ್ಗಿದ್ದರು. 2002ರಲ್ಲಿ ನ್ಯಾಯಾಧೀಶರು ಅದು ಮಹಿಳೆಯರ ಹಕ್ಕಿನ ಉಲ್ಲಂಘನೆ ಅಂದು ಸಾಕ್ಷ್ಯವನ್ನೇ ತಳ್ಳಿಹಾಕಿದರು. 2005ರ ಲಬಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಸಭ್ಯ ಅನ್ನಲು ಹಾನಿ ತೋರಿಸಬೇಕು ಅಂದಿತು. 2016ರಲ್ಲಿ ಪೊಲೀಸ್ ಮುಖ್ಯಸ್ಥರು 1981ರ ದಾಳಿಗಳ ಬಗ್ಗೆ ವಿಷಾದ ಹೇಳಿದರು. ವೇಶ್ಯಾಗೃಹದ ಕಲಂ ರದ್ದಾದದ್ದು 2019ರಲ್ಲಿ.

ಅಂದು ಒಪ್ಪಿಕೊಂಡವರ ದಾಖಲೆ ಮಾತ್ರ ಹಾಗೇ ಉಳಿದಿತ್ತು. 2023ರ ಮಾರ್ಚ್‌ನಿಂದ ಆ ಶಿಕ್ಷೆಗಳನ್ನೂ ಅಳಿಸಿಹಾಕಲು ಅರ್ಜಿ ಹಾಕಬಹುದು, ಶುಲ್ಕವಿಲ್ಲ. ತೀರಿಹೋದವರ ಪರವಾಗಿ ಮಕ್ಕಳು, ಒಡಹುಟ್ಟಿದವರು ಹಾಕಬಹುದು.