ಇಟ್ಟಲ್ಲೇ ಚೈನ್‌ಸಾದಿಂದ ಆಯಿಲ್ ಸೋರುತ್ತಿದ್ದರೆ ಏನು ಮಾಡಬೇಕು?
ಕೆಲಸ ಮುಗಿಸಿ ಇಟ್ಟ ರಾತ್ರಿ ಒಂದೆರಡು ಚಮಚ ಎಣ್ಣೆ ಇಳಿದರೆ ಗಾಬರಿ ಬೇಡ. ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮೇಲೂ ಅದರ ಬುಡ ಮುಚ್ಚುವ ಕ್ಲಚ್ ಕವರ್ ಒಳಗಿನ ಮರದ ಹೊಟ್ಟಿನಲ್ಲೂ ಉಳಿದದ್ದು ಅದು. ದಿನವೂ ಸೋರಿ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ಮಾತ್ರ ದೋಷ ಹುಡುಕಿ.

ಕವರ್, ಬಾರ್, ಚೈನ್ ಬಿಚ್ಚಿ, ಹೊಟ್ಟು ಕೆರೆದು, ಒರೆಸಿ ಒಣಗಿಸಿ, ಮಷಿನ್ ಅನ್ನು ರಟ್ಟಿನ ಮೇಲೆ ರಾತ್ರಿಯಿಡೀ ಇಡಿ. ಎಣ್ಣೆ ಮುಚ್ಚಳದ ಸುತ್ತ ಜಿನುಗಿದ್ದರೆ ಅದರ ಓ-ರಿಂಗ್ (ರಬ್ಬರ್ ಬಳೆ) ಬದಲಿಸಿ, ಅಗ್ಗದ ರಿಪೇರಿ. ಪಂಪಿನ ಬಳಿ ಒದ್ದೆಯಾಗಿದ್ದರೆ ಆಯಿಲ್ ಪೈಪು ಬಿರಿದಿರಬಹುದು, ಇಲ್ಲವೇ ಅದರ ರಬ್ಬರ್ ಸಡಿಲವಾಗಿರಬಹುದು. ಬಾರ್ ಕೂರುವ ಜಾಗದ ತೂತಿನಿಂದಲೇ ಬರುತ್ತಿದ್ದರೆ, ಬಿಸಿಗೆ ಟ್ಯಾಂಕಿನೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರದಬ್ಬುತ್ತಿರಬಹುದು. ಮಷಿನ್ ತಣಿದ ಮೇಲೆ ಮುಚ್ಚಳ ಒಮ್ಮೆ ತೆರೆದು ಒತ್ತಡ ಬಿಟ್ಟು ಮುಚ್ಚಿ. ತಗಡಿನ ಶೆಡ್ಡಿನ ಬಿಸಿಲಿಗೆ ಇಡಬೇಡಿ. ಸೋರುತ್ತದೆಂದು ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿಗೆ ಅಂಟು ಮೆತ್ತಿದರೆ ಬಾರಿಗೆ ಎಣ್ಣೆಯೇ ಹೋಗದೆ ಚೈನ್ ಸುಡುತ್ತದೆ.

ಕಾಫಿ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದರೆ ಮಷಿನ್ ತಿಂಗಳುಗಟ್ಟಲೆ ಕೂರುತ್ತದೆ. ಆಗ ಆಯಿಲ್ ಟ್ಯಾಂಕ್ ಖಾಲಿ ಮಾಡುವುದೇ ಸರಿ. ಪೆಟ್ರೋಲನ್ನೂ ತೆಗೆದು, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಇನ್ನು ಒಮ್ಮೆ ಬಳಸಿ ತೆಗೆದ ಎಂಜಿನ್ ಆಯಿಲನ್ನು ಬಾರಿಗೆ ಹಾಕುವ ಉಳಿತಾಯ ಬೇಡವೇ ಬೇಡ: ಅದರ ಲೋಹದ ಪುಡಿ ಪಂಪನ್ನು ಸವೆಸುತ್ತದೆ.